ಹಂಪಿಯ ಹಳೇ ಕಾಲುವೆಯ ಮೇಲೆ ಎಂಜಿನಿಯರನ ದೂರು

ಐನೂರು ವರ್ಷಗಳಿಂದ ಹರಿಯುತ್ತಿರುವ ಕಲ್ಲುಕಾಲುವೆಯವರ ಸನ್ನಿಧಿಗೆ, ಹೊಸಪೇಟೆಯ ಸಹಾಯಕ ಎಂಜಿನಿಯರ್ ಪುರಂದರ ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಕ್ಷೇಮವೇ ನನ್ನ ದೂರು. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ತಾವು ಹಂಪಿಯ ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತಿರುವಾಗ, ನಾನು ಹತ್ತು ವರ್ಷಗಳ ಹಿಂದೆ ಕಟ್ಟಿಸಿದ ಮೋರಿ ಆಗಲೇ ಎರಡು ಸಲ ರಿಪೇರಿ ಕಂಡಿದೆ. ಒಂದೆರಡು ಕಡೆಯಾದರೂ ಸೋರಿ ತಾವು ನಮ್ಮಂಥವರ ಮಾನ ಉಳಿಸಬಾರದಿತ್ತೇ?

ಕಳೆದ ಬೇಸಿಗೆಯಲ್ಲಿ ತಮ್ಮ ನೂರು ಮೀಟರ್ ದಂಡೆಯನ್ನು ಎತ್ತರಿಸಿ ಕಾಂಕ್ರೀಟ್ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಅಳತೆ ಮಾಡುವಾಗ ದಂಡೆಯ ಮೇಲ್ಸಾಲಿನಲ್ಲಿ ಒಂದು ಕಲ್ಲಿನಷ್ಟು ಜಾಗ ಖಾಲಿಯಿರುವುದು ಕಂಡಿತು. ಕಲ್ಲು ಬಿದ್ದುಹೋಗಿದೆ ಎಂದು ಬರೆದುಕೊಂಡು, ಅದನ್ನು ಮುಚ್ಚುವಂತೆ ಕೆಲಸದವರಿಗೆ ಹೇಳಿದೆ. ಮೂವತ್ತು ವರ್ಷಗಳಿಂದ ತೋಟಗಳಿಗೆ ಸರದಿಯಂತೆ ನೀರು ಬಿಡುತ್ತಿರುವ ನೀರಗಂಟಿ ಉಚ್ಚೆಂಗೆಪ್ಪನವರು ಪಕ್ಕದಲ್ಲೇ ನಿಂತಿದ್ದರು.

"ಸಾಹೇಬ್ರ, ಅದು ಬಿದ್ದ ಕಲ್ಲಲ್ರಿ, ಬಿಟ್ಟ ಕಲ್ಲು. ನೀರು ಭಾಳ ಬಂದ್ರ ಅಲ್ಲಿಂದ ಹಳ್ಳಕ್ಕ ಇಳೀತೈತಿ" ಅಂದರು.

ನನ್ನ ಕೈಯಲ್ಲಿ ನಕ್ಷೆಯಿತ್ತು. ನಕ್ಷೆಯಲ್ಲಿ ಅಂಥ ಕಿಂಡಿ ಇರಲಿಲ್ಲ. ಆ ನಕ್ಷೆ ಬರೆದವನು ನಾನೇ ಎಂಬುದು ಆಗ ನೆನಪಾಗಲಿಲ್ಲ. ನಕ್ಕು ಸಿಮೆಂಟ್ ತುಂಬಿಸಿದೆ.

ಜುಲೈನಲ್ಲಿ ಶಾಮಿಯಾನ ಹಾಕಿ, ಗಣ್ಯರನ್ನು ಕರೆಸಿ ಉದ್ಘಾಟನೆ ಮಾಡಿದೆವು. ತಮ್ಮೊಳಗೆ ಬಿಟ್ಟ ನೀರಿಗೆ ಗುಡ್ಡದ ಮಳೆನೀರೂ ಸೇರಿ, ಇಳಿಯಲು ದಾರಿ ಸಿಗದೆ, ಮೂರನೆಯ ಭಾಷಣದ ಹೊತ್ತಿಗೆ ನನ್ನ ಹೊಸ ದಂಡೆ ಒಡೆಯಿತು. ಗಣ್ಯರು ಪಂಚೆ ಎತ್ತಿಕೊಂಡು ಕುರ್ಚಿ ಹತ್ತಿದರು. ನೀರು ಕೆಳಗಿದ್ದ ವಿರುಪಮ್ಮನವರ ತೋಟಕ್ಕೆ ನುಗ್ಗಿ, ಗೊನೆಬಿಟ್ಟ ಎಪ್ಪತ್ತು ಬಾಳೆಗಿಡಗಳನ್ನು ಮಲಗಿಸಿತು. ತಮ್ಮ ಹಳೇ ಕಲ್ಲುಗಳ ಪೈಕಿ ಒಂದೂ ಕದಲಲಿಲ್ಲ. ಈ ಅಹಂಕಾರ ತಮಗೆ ಶೋಭಿಸದು.

ಮೇಲಧಿಕಾರಿ ಈಶ್ವರ್ ಅವರು ಒಳ್ಳೆಯ ಮನುಷ್ಯರು. ವರದಿಯಲ್ಲಿ 'ಅನಿರೀಕ್ಷಿತ ಪ್ರವಾಹ' ಎಂದು ಬರೆದು ಕೈತೊಳೆದುಕೊಳ್ಳಿ ಎಂದರು. ಒಪ್ಪಿ ಹೊರಟವನು, ಯಾಕೋ ಮನಸ್ಸು ತಡೆಯದೆ ವಿರುಪಮ್ಮನವರ ತೋಟಕ್ಕೆ ಹೋದೆ. ಅವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಬಿದ್ದ ಗಿಡಗಳಿಂದ ಎಳೆಯ ಗೊನೆಗಳನ್ನು ಕಡಿಯುತ್ತಿದ್ದರು. ಕಿಂಡಿ ಮುಚ್ಚಿಸಿದವನು ನಾನೇ, ಉಚ್ಚೆಂಗೆಪ್ಪನವರು ಹೇಳಿದರೂ ಕೇಳಲಿಲ್ಲ ಎಂದು ಒಪ್ಪಿಕೊಂಡು, ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಅವರು ಕುಡುಗೋಲು ಕೆಳಗಿಡದೆ ನನ್ನನ್ನು ನೋಡಿದರು.

"ಬಾಳಿ ಮತ್ತ ಹಚ್ಚಬಹುದ್ರಿ. ಮೊದ್ಲು ಆ ಕಿಂಡಿ ತೆಗೀರಿ, ಇನ್ನೂ ಮಳಿ ಐತಿ."

ಬೈದಿದ್ದರೆ ಅನಿರೀಕ್ಷಿತ ಪ್ರವಾಹವನ್ನೇ ಬರೆಯುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಬರೆಯಲಾಗಲಿಲ್ಲ. ಅಂದೇ ಉಚ್ಚೆಂಗೆಪ್ಪನವರ ಜೊತೆ ಸುತ್ತಿಗೆ ಹಿಡಿದು, ಅಂಗೈಯಲ್ಲಿ ಬೊಬ್ಬೆ ಬರುವವರೆಗೆ ಸಿಮೆಂಟ್ ಒಡೆದು, ದಂಡೆಯನ್ನು ಮೊದಲಿನ ಮಟ್ಟಕ್ಕೇ ಇಳಿಸಿದೆ. ಅವರು ಒಮ್ಮೆಯೂ 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಅದು ಸುತ್ತಿಗೆಗಿಂತ ಭಾರವಾಗಿತ್ತು. ತಪ್ಪು ನನ್ನದು, ನೀರಗಂಟಿಯ ಮಾತು ಸರಿ ಎಂದು ವರದಿ ಕಳಿಸಿದೆ. ಆಗಸ್ಟ್‌ನಲ್ಲಿ ಇನ್ನೂ ಹೆಚ್ಚು ನೀರು ಬಂತು. ತಾವು ಅದನ್ನು ಕಿಂಡಿಯಿಂದ ಹಳ್ಳಕ್ಕೆ ಇಳಿಸಿ ಸುಮ್ಮನಾದಿರಿ.

ನನ್ನ ಬಡ್ತಿ ನಿಂತಿದೆ. ಮರಿಯಮ್ಮನಹಳ್ಳಿಯ ಕಡೆ, ಕಾಲುವೆಯೇ ಇಲ್ಲದ ಕೆಲಸಕ್ಕೆ ಹಾಕಿದ್ದಾರೆ. ಭಾನುವಾರಗಳಂದು ಕಂಪ್ಲಿಯಿಂದ ಬೈಕಿನಲ್ಲಿ ಬಾಳೆಕಂದು ತಂದು ವಿರುಪಮ್ಮನವರ ತೋಟದಲ್ಲಿ ನೆಡುತ್ತೇನೆ. ನನ್ನ ಮೊದಲೆರಡು ಸಾಲು ಸೊಟ್ಟಗಿವೆಯೆಂದು ಅವರು ಕೀಳಿಸಿ ಮತ್ತೆ ನೆಡಿಸಿದರು. ಮೂರನೆಯ ಸಾಲಿಗೆ ಚಹಾ ಸಿಕ್ಕಿತು. ಇಷ್ಟು ಹಗುರವಾಗಿ ನಾನು ಯಾವ ಕೆಲಸದಿಂದಲೂ ಮನೆಗೆ ಹೋದದ್ದಿಲ್ಲ. ಈ ಅಪರಾಧಕ್ಕೂ ತಾವೇ ಹೊಣೆ.

ತಮ್ಮೆದುರು ಸೋತರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪುರಂದರ

ವಿ.ಸೂ.: ಹಳೆಯ ಕಟ್ಟಡಗಳೆಲ್ಲ ವಯಸ್ಸಿನ ದಾಖಲೆ ಕೊಡಬೇಕೆಂದು ಸುತ್ತೋಲೆ ಬಂದಿದೆ. ತಮ್ಮನ್ನು ಕಟ್ಟಿದ ಎಂಜಿನಿಯರರು ಸೋಮವಾರ ಹತ್ತೂವರೆಗೆ, ಎರಡು ಭಾವಚಿತ್ರಗಳೊಂದಿಗೆ, ಖುದ್ದಾಗಿ ಕಚೇರಿಗೆ ಬರಬೇಕಾಗಿ ಕೋರಿಕೆ. ಅವರಿಗೆ ಪುರಸೊತ್ತಿಲ್ಲವಾದರೆ ಉಚ್ಚೆಂಗೆಪ್ಪನವರನ್ನೇ ಕರೆದೊಯ್ಯುವೆ. ಕಚೇರಿಯವರಿಗೆ ವ್ಯತ್ಯಾಸ ತಿಳಿಯದು. ನನಗಂತೂ ಯಾವ ವ್ಯತ್ಯಾಸವೂ ಕಾಣುತ್ತಿಲ್ಲ.