ಮೆಟ್ಟಿಲಿಲ್ಲದ ಬೆಟ್ಟಕ್ಕೆ ಮೆಟ್ಟಿಲ ಹರಕೆ

ಪಾವಗಡದಿಂದ ಕಾರ್ಡು ಬಂದಾಗ ನಾನು ಮಧುಗಿರಿಯ ಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಎರಡು ಕೈಯೂ ಅಂಟು. ಟಪ್ಪಾಲಿನವನು ಜಗಲಿಯ ಮೇಲೆ ಕಾರ್ಡಿಟ್ಟು ಹೋದ. ಕೈ ತೊಳೆದು ಬಂದು ಓದಬಹುದಿತ್ತು, ಧೈರ್ಯವಿರಲಿಲ್ಲ. ಮಗಳು ಪಾರ್ವತಿಯ ಮೊದಲ ಹೆರಿಗೆ ನಮ್ಮ ಮನೆಯಲ್ಲಿ ಎರಡು ದಿನ ನಡೆದು ಎಲ್ಲರ ಜೀವ ಹಿಂಡಿತ್ತು. ಎರಡನೆಯದು ಪಾವಗಡದ ಅವಳ ಗಂಡನ ಮನೆಯಲ್ಲಿ. ಹಾಗಾಗಿ ನಮ್ಮವರು ಅಮಲ್ದಾರರ ಕಚೇರಿಯಿಂದ ಬರುವವರೆಗೆ ಕಾರ್ಡನ್ನು ದೂರದಿಂದಲೇ ನೋಡುತ್ತ, ಬೀಜವನ್ನು ಹಣ್ಣಿನ ಬುಟ್ಟಿಗೂ ಹಣ್ಣನ್ನು ಬೀಜದ ಮೊರಕ್ಕೂ ಹಾಕುತ್ತ ಕೂತಿದ್ದೆ. ಅವರು ಓದಿ, "ಹೆಣ್ಣು ಮಗು. ಇಬ್ಬರೂ ಸುಖ" ಎಂದರು. ಆಗ ಅತ್ತುಬಿಟ್ಟೆ. ಆಮೇಲೆ ನೆನಪಾಯಿತು, ಹರಕೆ.

ಹರಕೆಯ ವಿಷಯದಲ್ಲಿ ನನ್ನ ನಾಲಿಗೆ ಸ್ವಲ್ಪ ಧಾರಾಳ. ನನ್ನ ತವರು ಕೊಳಾಲ. ತವರಿನ ದೇವರು ಸಿದ್ಧರ ಬೆಟ್ಟದ ಗವಿಯಲ್ಲಿರುವ ಸಿದ್ಧೇಶ್ವರ. ಮಗಳ ಚಿಂತೆಯಲ್ಲಿ ಒಂದು ದಿನ, "ಸ್ವಾಮಿ, ಎರಡು ಜೀವ ಬೇರೆ ಬೇರೆಯಾಗಿ ಉಳಿದರೆ ನಿನ್ನ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಕುಂಕುಮ ಇಡುತ್ತೇನೆ. ಅಲ್ಲಿಯವರೆಗೆ ಮೊಮ್ಮಗುವಿನ ಮುಖ ನೋಡುವುದಿಲ್ಲ" ಎಂದುಬಿಟ್ಟಿದ್ದೆ. ಆ ಬೆಟ್ಟಕ್ಕೆ ನಾನು ಹುಟ್ಟಿದಂದಿನಿಂದ ದೂರದಿಂದ ಕೈ ಮುಗಿದವಳೇ ಹೊರತು ಒಮ್ಮೆಯೂ ಹತ್ತಿದವಳಲ್ಲ. ದೇವರ ಬೆಟ್ಟವೆಂದ ಮೇಲೆ ಮೆಟ್ಟಿಲಿರುತ್ತದೆ ಎಂದುಕೊಂಡಿದ್ದೆ. ಪಾವಗಡಕ್ಕೆ ಗಾಡಿ ಗೊತ್ತು ಮಾಡಿದ್ದು ಬರುವ ಗುರುವಾರಕ್ಕೆ. ಭಾನುವಾರವೇ ಹತ್ತಬೇಕಾಯಿತು.

ಶನಿವಾರ ಕೊಳಾಲ ಸೇರಿ, ಮರುದಿನ ಕೋಳಿ ಕೂಗುವ ಮೊದಲೇ ಹೊರಟೆವು. ಬುತ್ತಿಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ದಾರಿ ತೋರಿಸಲು ಬೆಟ್ಟದಲ್ಲಿ ನಾರು ಬೇರು ಕಿತ್ತು ಮಾರುವ ಮುದುಕಿ ಸಣ್ಣೀರಮ್ಮ ಬಂದಳು. ಕರಡಿಗೆ ನಾವು ಬರುವುದು ತಿಳಿಯಲಿ ಎಂದು ದಾರಿಯುದ್ದಕ್ಕೂ ಕೋಲು ಕುಟ್ಟುತ್ತಿದ್ದಳು. ಹೊಲಗಳನ್ನು ದಾಟಿ ಬೆಟ್ಟದ ಬುಡ ಮುಟ್ಟುವಾಗ ಬಿಸಿಲೇರಿತ್ತು. ಮುಂದೆ ಕಾಡು. ಮುತ್ತುಗದ ಮರಗಳು ಎಲೆಯನ್ನೆಲ್ಲ ಕಳಚಿ ಮೈತುಂಬ ಹೂ ಹೊದ್ದಿದ್ದವು. ನಾನು ಕುಂಕುಮದ ಭರಣಿ ತೆಗೆದು ಮೆಟ್ಟಿಲು ಎಲ್ಲಿ ಎಂದು ಹುಡುಕಿದೆ. ಬರೀ ಕಲ್ಲು, ಬೇರು, ತರಗೆಲೆ.

ನಮ್ಮವರು ಮೂವತ್ತು ವರ್ಷ ಕಚೇರಿಯ ಕಾಗದ ನೋಡಿದವರು. ಹರಕೆಯನ್ನೂ ಹಾಗೇ ನೋಡಿದರು. "ಹುಕುಂನಲ್ಲಿ ಮೆಟ್ಲು ಅಂತಿದೆ. ಮೆಟ್ಲೇ ಇಲ್ಲದ ಮೇಲೆ ಹುಕುಂ ವಜಾ. ನಡಿ" ಎಂದರು. ನನ್ನ ಮನಸ್ಸಿಗೂ ಹಿತವೆನ್ನಿಸಿತು. ಆದರೆ ಸಣ್ಣೀರಮ್ಮ ಬಿಡಲಿಲ್ಲ.

"ಕಾಲು ಮಡಗಿದ್ದೇ ಮೆಟ್ಲು ಕಣಮ್ಮ. ದ್ಯಾವ್ರೇನು ಗಾರೆ ಕೆಲಸದೋರ್ನ ಕರ್ಸಿ ಕಟ್ಟುಸ್ತಾನಾ?"

ಸರಿ, ಕಾಲಿಟ್ಟ ಕಲ್ಲಿಗೆಲ್ಲ ಬಗ್ಗಿ ಕುಂಕುಮ ಇಡತೊಡಗಿದೆ. ಮೊದಮೊದಲು ಭಕ್ತಿಯಿತ್ತು, ಆಮೇಲೆ ಸೊಂಟ ನೋಯಿತು. ಸೊಂಟ ನೊಂದ ಮೇಲೆ ಬುದ್ಧಿ ಓಡಿತು. ಹೆಜ್ಜೆ ದೊಡ್ಡದಾದರೆ ಕಲ್ಲು ಕಡಿಮೆಯಾಗುತ್ತದಲ್ಲ! ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು, ಈ ಕಲ್ಲಿನಿಂದ ಆ ಕಲ್ಲಿಗೆ ಹಾರಿದೆ. ಹತ್ತು ವರ್ಷ ತುಂಬಿದ ಮೇಲೆ ಹಾಗೆ ಹಾರಿದ್ದೇ ಇಲ್ಲ. ಮೊಮ್ಮಗಳು ಹುಟ್ಟಿದ್ದಾಳೆ, ಕಾಡೆಲ್ಲ ಹೂ ಬಿಟ್ಟಿದೆ, ನೋಡುವವರು ಯಾರೂ ಇಲ್ಲ. ನಗು ತಡೆಯಲಾಗಲಿಲ್ಲ. "ಏನೇ ಇದು, ಹರಕೆಯೋ ಕುಂಟಾಬಿಲ್ಲೆಯೋ?" ಎಂದರು ನಮ್ಮವರು ಹಿಂದಿನಿಂದ.

ಅಷ್ಟು ಹಾರಿದರೂ ಗವಿ ಇನ್ನೂ ಮೇಲಿರುವಾಗಲೇ ಭರಣಿ ಬರಿದಾಯಿತು. ಬೆರಳಿನಿಂದ ಬಳಿದು ಕೊನೆಯ ಚಿಟಿಕೆಯನ್ನೂ ಇಟ್ಟೆ. ಮುಂದೆ ಕಾಲಿಡುವಂತಿಲ್ಲ, ಇಟ್ಟರೆ ಹರಕೆ ಕೆಡುತ್ತದೆ. ತಿರುಗಿ ಹೋದರೆ ಗುರುವಾರ ಗಾಡಿ ನಾನಿಲ್ಲದೆ ಹೊರಡುತ್ತದೆ. ಕೂಸಿನ ಮೂಗು ಯಾರ ಹಾಗಿದೆಯೆಂದು ಕಾರ್ಡಿನಲ್ಲಿ ಬರೆದಿರಲಿಲ್ಲ. ಅದೇ ನೆನಪಾಗಿ, ಒಂಟಿ ಕಲ್ಲಿನ ಮೇಲೆ ಕೊಕ್ಕರೆಯ ಹಾಗೆ ನಿಂತು ಕಣ್ಣೊರೆಸಿಕೊಂಡೆ. ನಮ್ಮವರು ಸಿದ್ಧೇಶ್ವರನಿಗೊಂದು ಅರ್ಜಿ ಹಾಕೋಣವೇ ಎಂದು ಕೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ ಹೆಗಲ ವಸ್ತ್ರ ತೆಗೆದುಕೊಟ್ಟರು.

ಅಷ್ಟರಲ್ಲಿ ಕೆಳಗಿನಿಂದ ಮಾತು ಕೇಳಿಸಿತು. ಸಿರಾ ಕಡೆಯ ಐದಾರು ಹೆಂಗಸರು ಬರುತ್ತಿದ್ದರು. ಬರುವುದೆಂದರೆ, ನಾನು ಕುಂಕುಮ ಇಟ್ಟ ಕಲ್ಲುಕಲ್ಲಿಗೂ ನಿಂತು, ಹೂವಿಟ್ಟು, ಅಡ್ಡಬೀಳುತ್ತ ಬರುತ್ತಿದ್ದರು. ಮುಂದಿದ್ದ ದಪ್ಪನೆಯ ಹಿರಿಯ ಹೆಂಗಸು ಏದುಸಿರು ಬಿಡುತ್ತ ನನ್ನ ಕಾಲ ಕೆಳಗಿನ ಕಲ್ಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯಾವ ಕಾಲದಿಂದ ಪೂಜೆ ನಡ್ಕೊಂಡು ಬಂದೈತೋ ಕಣಮ್ಮ" ಎಂದಳು. ಮುಂದೆ ನೋಡಿ, "ಅಯ್ಯೋ, ಇಲ್ಲಿಂದಾಚೆಗೆ ಯಾರೂ ಇಟ್ಟೇ ಇಲ್ವಲ್ಲ. ತಗಳ್ರಿ, ನೀವು ಮುಂದಿದ್ದೀರಿ, ನೀವೇ ಇಡ್ರಿ" ಎಂದು ತನ್ನ ಕುಂಕುಮದ ಚೀಲವನ್ನೇ ನನ್ನ ಕೈಗಿತ್ತಳು.

ನಿಜ ಹೇಳಬೇಕಿತ್ತು. ಹೇಳಲೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಬೆಳಗಿನಿಂದ ಹಾಸ್ಯ ಮಾಡುತ್ತಿದ್ದ ನಮ್ಮವರೇ ಬಹಳ ಗಂಭೀರವಾಗಿ, "ಹಿರಿಯರು ಹೇಳ್ತಿದ್ದಾರೆ, ಇಡು" ಎಂದರು. ಸಣ್ಣೀರಮ್ಮ ಬಾಯಿಗೆ ಸೆರಗು ತುರುಕಿಕೊಂಡು ಮರ ನೋಡತೊಡಗಿದಳು. ನಾನು ಇಡುತ್ತ ಹತ್ತಿದೆ. ಗವಿಯ ತಂಪಿನಲ್ಲಿ, ಹನಿಯುವ ನೀರಿನ ಪಕ್ಕ ಸ್ವಾಮಿಯ ಮುಂದೆ ಅಡ್ಡಬಿದ್ದು ಲೆಕ್ಕ ಒಪ್ಪಿಸಿದೆ: ಹರಕೆ ತೀರಿತು, ಕರಡಿ ಬರಲಿಲ್ಲ, ಮುಳ್ಳು ಚುಚ್ಚಿದ್ದು ನಮ್ಮವರ ಕಾಲಿಗೆ. ನಿನ್ನ ದಯೆ ದೊಡ್ಡದು.

ಇಳಿಯುವಾಗ ಮುತ್ತುಗದ ಹೂ ಹೊತ್ತ ಕಲ್ಲೊಂದಕ್ಕೆ ನನಗರಿಯದೆಯೇ ಕೈ ಮುಗಿದೆ. "ಇದರ ಮೇಲೆ ನಿಂತೇ ನೀನು ಸೆರಗು ಸಿಕ್ಕಿಸ್ಕೊಂಡಿದ್ದು" ಎಂದರು ನಮ್ಮವರು. "ಇರಲಿ, ಹೂವಿಟ್ಟವರ ಭಕ್ತಿ ಸುಳ್ಳೇ?" ಎಂದೆ.

ಬುಧವಾರ ಮಧುಗಿರಿಯ ನಮ್ಮ ಜಗಲಿಗೆ ಪಕ್ಕದ ಮನೆಯ ನಂಜಮ್ಮ ಬಂದು ಕೂತಳು. ಸಿದ್ಧರ ಬೆಟ್ಟದಲ್ಲಿ ಕುಂಕುಮದ ಕಲ್ಲುಗಳು ತಾವಾಗಿಯೇ ಮೂಡಿವೆಯಂತೆ, ಊರೂರಿಂದ ಜನ ಹೊರಟಿದ್ದಾರಂತೆ. ಎಲ್ಲ ಹೇಳಿ, ನನ್ನ ಮುಖವನ್ನೇ ನೋಡುತ್ತ, "ನೀವೂ ಹೋಗಿದ್ರಲ್ಲಮ್ಮ, ಆ ಕಲ್ಲಿಗೆ ಕೈ ಮುಗುದ್ರೋ, ಇಲ್ಲಾ ತುಳ್ಕೊಂಡು ಬಂದ್ಬುಟ್ರೋ?" ಎಂದು ಕೇಳಿದಳು.

ಎರಡೂ ಮಾಡಿದ್ದೆ. ಯಾವುದನ್ನು ಮೊದಲು ಹೇಳಲಿ? ಬಾಣಂತಿ ಖಾರಕ್ಕೆ ಶುಂಠಿ ಕುಟ್ಟುವುದಿದೆಯೆಂದು ಎದ್ದು ಒಳಗೆ ಹೋಗಿ ಒನಕೆ ಹಿಡಿದೆ.