ಭಾವ ಹುಡುಕಿದ ಅಜ್ಜ

ನನ್ನ ಹೆಂಡತಿಯ ಅಣ್ಣನಿಗೆ, ಅಂದರೆ ನಮ್ಮ ಭಾವನವರಿಗೆ, ಬದುಕಿರುವ ನೆಂಟರೆಂದರೆ ಅಷ್ಟಕ್ಕಷ್ಟೇ. ಆದರೆ ಸತ್ತವರೆಂದರೆ ಪ್ರಾಣ! ರಿಯಾದಿನಲ್ಲಿರುವ ಸೋದರತ್ತೆಯ ಮಗನ ಫೋನ್ ಬಂದರೆ ಅದು ತಾನಾಗಿ ಸುಸ್ತಾಗಿ ನಿಲ್ಲುವವರೆಗೆ ನೋಡುತ್ತಾ ಕೂರುತ್ತಾರೆ. ಚಿಕ್ಕಪ್ಪನ ಮೊಮ್ಮಗಳ ಮದುವೆಗೆ ರಜೆಯೇ ಸಿಗಲಿಲ್ಲ ಎಂದವರು, ಅದೇ ವಾರ ಎರಡು ದಿನ ರಜೆ ಹಾಕಿ ಎಂಬತ್ತು ವರ್ಷ ಹಳೆಯ ಹಡಗಿನ ಪ್ರಯಾಣಿಕರ ಪಟ್ಟಿಯೊಂದನ್ನು ಕಂಪ್ಯೂಟರಿನಲ್ಲಿ ಓದಿ ಮುಗಿಸಿದರು. ಇಂಥವರನ್ನು ಏನೆನ್ನಬೇಕು ಹೇಳಿ?

ಸೌದಿಯ ಜಿದ್ದಾದ ಒಂದು ಗೋದಾಮಿನಲ್ಲಿ ಅವರು ಇಪ್ಪತ್ತು ವರ್ಷದಿಂದ ಸ್ಟೋರ್ ಕೀಪರ್. ನಾನೂ ನನ್ನ ಹೆಂಡತಿಯೂ ಇರುವುದು ಅದೇ ಊರಿನಲ್ಲಿ. ಅವರ ರೂಮಿನ ಗೋಡೆಗೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಅಂಟಿಸಿದ್ದಾರೆ. ಅದರ ಮೇಲೆ ವಂಶವೃಕ್ಷ! ಮೂರನೆಯ ತಲೆಮಾರಿಗೇ ರಟ್ಟು ಮುಗಿದು, ಪಕ್ಕಕ್ಕೆ ವಾಷಿಂಗ್ ಮೆಷೀನಿನ ರಟ್ಟು ಬಂತು. ಮದುವೆಯ ಮೂಲಕ ಒಳಬಂದ ನನಗೆ ಸಿಕ್ಕ ಜಾಗ, ಪೆಟ್ಟಿಗೆಯ ಮಡಚಿನಲ್ಲಿ. ಅದೂ ಹೆಸರಿನ ಮುಂದೊಂದು ಪ್ರಶ್ನೆ ಚಿಹ್ನೆಯೊಂದಿಗೆ. ಇದೇನು ಭಾವ ಎಂದು ಕೇಳಿದ್ದಕ್ಕೆ, "ದಾಖಲೆ ಕೊಡು, ತೆಗೀತೇನೆ" ಎಂದರು. ನಮ್ಮ ನಿಕಾಹ್‌ಗೆ ಸಾಕ್ಷಿ ಹಾಕಿದವರು ಇದೇ ಮಹಾನುಭಾವರು!

ಈ ಹುಚ್ಚಿಗೆ ಕಾರಣ ಅವರ ಉಮ್ಮ, ಅಂದರೆ ನನ್ನ ಅತ್ತೆ. ಬ್ರಿಟಿಷರ ಕಾಲದ ಕೊನೆಕೊನೆಯಲ್ಲಿ, ಅತ್ತೆ ಐದು ವರ್ಷದ ಮಗುವಾಗಿದ್ದಾಗ, ಅವರ ತಂದೆ ಮುಂಬಯಿಯಲ್ಲಿ ಹಡಗು ಹತ್ತಿ ಹಜ್ಜಿಗೆ ಹೊರಟರು. ಹಡಗು ಹಿಂದೆ ಬಂತು, ಅವರು ಬರಲಿಲ್ಲ. ಮರುವರ್ಷ ಹಜ್ಜಿಗೆ ಹೋಗಿಬಂದ ಊರಿನವರೊಬ್ಬರು, "ಜಿದ್ದಾದ ಪೇಟೆಯಲ್ಲಿ ಕಂಡ ಹಾಗಾಯ್ತು. ಅಲ್ಲೇ ಅಂಗಡಿ ಇಟ್ಟು ಮದುವೆ ಆಗಿದ್ದಾರಂತೆ" ಎಂದುಬಿಟ್ಟರು. ಆ ಒಂದು ಮಾತು ಸಾಕಾಯಿತು. ಸತ್ತ ಸುದ್ದಿ ಇಲ್ಲದ್ದರಿಂದ ಊರಲ್ಲಿ ತೀರಿಕೊಂಡವರಿಗೆ ಮಾಡುವ ಮಯ್ಯಿತ್ ನಮಾಝ್ ಆಗಲಿಲ್ಲ. ಅಜ್ಜಿ ವಿಧವೆಯಾಗಲಿಲ್ಲ, ಗಂಡನಿದ್ದವಳಾಗಿಯೂ ಬಾಳಲಿಲ್ಲ. ಅತ್ತೆ ಊರಿಗೆಲ್ಲ "ಬಿಟ್ಟು ಹೋದವನ ಮಗಳು" ಆದರು. ಭಾವ ಸೌದಿಗೆ ಹೊರಟಾಗ ಅತ್ತೆ ಉಪ್ಪಿನಕಾಯಿಯ ಜೊತೆ ಒಂದು ಮಾತನ್ನೂ ಕಟ್ಟಿಕೊಟ್ಟರು: "ಅವರು ಯಾಕೆ ಬರ್ಲಿಲ್ಲ ಅಂತ ಕೇಳಿಕೊಂಡು ಬಾ."

ಅಜ್ಜ ಇಲ್ಲೇ ಸಂಸಾರ ಹೂಡಿದ್ದರೆ ಅವರ ಮೊಮ್ಮಕ್ಕಳೂ ಇಲ್ಲೇ ಇರಬೇಕಲ್ಲ? ಭಾವ ಹುಡುಕಲು ಶುರುಮಾಡಿದರು. ಗುರುತು ಯಾವುದು ಗೊತ್ತೇ? ಕಿವಿ! ಅವರ ಮನೆಯವರ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿರುತ್ತದಂತೆ. ಗಂಡಸರು ತಲೆಗೆ ಬಟ್ಟೆ ಹೊದ್ದು ಓಡಾಡುವ ದೇಶದಲ್ಲಿ ಕಿವಿ ನೋಡಿ ನೆಂಟರನ್ನು ಹುಡುಕುವವರಿಗೆ ಎಷ್ಟು ತಾಳ್ಮೆ ಬೇಕು! ಒಂದು ಶುಕ್ರವಾರ ಜಿದ್ದಾದ ಶರಫಿಯಾ ಪೇಟೆಯ ದರ್ಜಿ ಅಂಗಡಿಯಲ್ಲಿ ಬರಿದಲೆಯಲ್ಲಿ ಅಳತೆ ಕೊಡುತ್ತಿದ್ದ ಸೌದಿ ಹಿರಿಯರೊಬ್ಬರನ್ನು ಕಂಡು ಭಾವ ನನ್ನ ತೋಳು ಚಿವುಟಿದರು.

"ನೋಡು ಮಾರಾಯ, ನಮ್ಮದೇ ಕಿವಿ!"

ತಡೆಯುವಷ್ಟರಲ್ಲಿ ಅವರ ಮುಂದೆ ನಿಂತು, ತಮಗೆ ಬರುವ ಗೋದಾಮಿನ ಅರಬ್ಬಿಯಲ್ಲಿ ಅಜ್ಜನ ಕಥೆ ಪೂರ್ತಿ ಹೇಳಿದರು. ಹಿರಿಯರು ಗಂಭೀರವಾಗಿ ಕೇಳಿ, ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದು, ದೊಡ್ಡ ತಟ್ಟೆಯ ಕಬ್ಸಾ ಅನ್ನದ ಮುಂದೆ ಕೂರಿಸಿ, ಹೊಟ್ಟೆ ಬಿರಿಯುವಷ್ಟು ತಿನ್ನಿಸಿದರು. ಕೈ ತೊಳೆದ ಮೇಲೆ, ತಮ್ಮ ಅಜ್ಜ ಬಂದದ್ದು ಜಾವಾದಿಂದ ಎಂದರು! "ಮೊದಲೇ ಹೇಳಿದ್ದರೆ ನೀವು ಊಟ ಮಾಡದೆ ಹೋಗುತ್ತಿದ್ದಿರಿ" ಎಂದು ನಕ್ಕರು. ಆಮೇಲೆ ತಮ್ಮ ಅಜ್ಜನ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು, ಎಲ್ಲಾದರೂ ಕಂಡರೆ ತಿಳಿಸಿ ಎಂದರು. ಭಾವ ರಟ್ಟಿನಲ್ಲಿ ಅವರಿಗೂ ಒಂದು ಮೂಲೆ ಕೊಟ್ಟಿದ್ದಾರೆ. ಅವರ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಇಲ್ಲ!

ಭಾರತದಿಂದ ಬಂದ ಹಾಜಿಗಳ ಯೋಗಕ್ಷೇಮ ಆಗ ನೋಡುತ್ತಿದ್ದದ್ದು ಬ್ರಿಟಿಷರು, ಅವರ ಕಡತಗಳೆಲ್ಲ ಈಗ ಲಂಡನ್ನಿನ ಹಳೆ ದಾಖಲೆಗಳ ಕಚೇರಿಯಲ್ಲಿವೆ ಎಂದು ಆಮೇಲೆ ಯಾರೋ ಹೇಳಿದರು. ಭಾವನ ಮೊದಲ ಈಮೇಲನ್ನು ಇಂಗ್ಲಿಷಿಗೆ ತಂದ ಪಾಪಿ ನಾನೇ. ಸಲಾಮು, ಕ್ಷೇಮಸಮಾಚಾರ, ಲಂಡನ್ನಿನ ಚಳಿಯ ಬಗ್ಗೆ ಕಾಳಜಿ, ಇಷ್ಟಕ್ಕೇ ಒಂದು ಪುಟ. ಆಮೇಲೆ ಅಜ್ಜನ ಹೆಸರು, ಮನೆ ಹೆಸರು, ಮನೆಯ ಗುರುತು: ಮಸೀದಿಯ ಹಿಂದೆ, ಬಾವಿ ದಾಟಿ ಎಡಕ್ಕೆ. ಉತ್ತರ ಬರೆದ ಅಲ್ಲಿನ ಹೆಂಗಸು ಬಹಳ ವಿನಯದಿಂದ, ಮನೆ ಹೆಸರು ಹಿಡಿದು ಹುಡುಕಲು ಆಗುವುದಿಲ್ಲ, ತಂದೆಯ ಹೆಸರು ಮತ್ತು ಹಡಗಿನ ಹೆಸರು ತಿಳಿಸಿ ಎಂದರು. ನಮ್ಮೂರಲ್ಲಿ ಮನೆ ಹೆಸರು ಹೇಳಿದರೆ ಏಳು ತಲೆಮಾರು ಹೇಳಿದ ಹಾಗೆ. ತಂದೆಯ ಹೆಸರು ಯಾರು ಕೇಳುತ್ತಾರೆ?

"ಮನೆ ಹೆಸರಿಲ್ಲದೆ ಎಂತ ದಫ್ತರ ಮಾರಾಯ? ಇದಕ್ಕೇ ಇವರಿಗೆ ನಮ್ಮ ದೇಶ ನಡೆಸ್ಲಿಕ್ಕೆ ಆಗದ್ದು!" ಎಂದು ಭಾವ ಸಿಡುಕಿದರು.

ಆದರೂ ಬಿಡಲಿಲ್ಲ. ಜಿದ್ದಾದಲ್ಲಿ ಉಳಿದುಕೊಂಡ ಭಾರತೀಯರ ಪಟ್ಟಿ ಕೊಡಿ ಎಂದು ಎರಡು ವರ್ಷ ಬರೆದರು. ಆ ಹೆಂಗಸು ಪುಟದ ಮೇಲೆ ಪುಟ ಕಳಿಸಿದರು. ಯಾವುದರಲ್ಲೂ ಅಜ್ಜ ಇಲ್ಲ. ಅಷ್ಟರಲ್ಲಿ ಅವರಿಬ್ಬರಿಗೂ ಸಲಿಗೆ ಬೆಳೆದು, "ನಿಮ್ಮ ತಾಯಿ ಹೇಗಿದ್ದಾರೆ?" ಎಂದು ಅವರು ಕೇಳತೊಡಗಿದರು. ಅವರ ಬೆಕ್ಕಿಗೆ ಹುಷಾರಿಲ್ಲದಾಗ ಭಾವ ದುಆ ಮಾಡಿದರು. ರಿಯಾದಿನ ಸೋದರತ್ತೆಯ ಮಗ ಮಾತ್ರ ಇನ್ನೂ ಫೋನ್ ಮಾಡುತ್ತಲೇ ಇದ್ದ.

ಹೋದ ಚಳಿಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದರು. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಇನ್ನೂ ಸಿಗ್ಲಿಲ್ವಾ ಮಗ?" ಭಾವನ ತಮಾಷೆಯೆಲ್ಲ ನಿಂತುಹೋಯಿತು. ಲಂಡನ್ನಿಗೆ ಈ ಬಾರಿ ನನ್ನ ಸಹಾಯವಿಲ್ಲದೆ ಒಂದೇ ಸಾಲು ಬರೆದರು, ನನ್ನ ತಾಯಿಗೆ ಹೆಚ್ಚು ಸಮಯ ಇಲ್ಲ ಎಂದು.

ಮೂರನೆಯ ದಿನ ಉತ್ತರ ಬಂತು. "ನೀವು ಯಾವಾಗಲೂ ಉಳಿದುಕೊಂಡವರ ಪಟ್ಟಿಯನ್ನೇ ಕೇಳಿದಿರಿ. ಕೇಳದೆಯೇ ತೀರಿಕೊಂಡವರ ಪಟ್ಟಿಯನ್ನೂ ನೋಡಿದೆ, ಕ್ಷಮಿಸಿ" ಎಂದು ಆ ಹೆಂಗಸು ಬರೆದಿದ್ದರು. ಜೊತೆಗೆ ಒಂದು ಹಳೆಯ ಪುಟದ ಚಿತ್ರ. ಅದನ್ನು ಬರೆದ ಗುಮಾಸ್ತ ನಮ್ಮ ಕರಾವಳಿಯವನೇ ಇರಬೇಕು, ಅಜ್ಜನ ಹೆಸರಿನ ಪಕ್ಕದಲ್ಲಿ ಮನೆ ಹೆಸರು, ಊರಿನ ಹೆಸರು ಎಲ್ಲ ಇತ್ತು. ಹಜ್ಜು ಮುಗಿಸಿ, ಹಿಂದಿರುಗುವ ಹಡಗು ಹೊರಡುವ ಹಿಂದಿನ ದಿನ, ಜಿದ್ದಾದಲ್ಲಿ ಜ್ವರದಿಂದ ಸಾವು. ಮನೆಗೆ ಬರೆದ ಪತ್ರ ಎಲ್ಲಿ ಕಳೆದುಹೋಯಿತೋ! ಊರಿನವನ ಗಾಳಿಮಾತನ್ನು ಇಷ್ಟು ವರ್ಷ ಮೊಮ್ಮಗನೂ ನಂಬಿದ್ದ. ಆ ನಾಚಿಕೆಯಲ್ಲೇ ಭಾವ ಆ ಪುಟದ ಪ್ರತಿ ಹಿಡಿದು ನಮ್ಮ ಮನೆಗೆ ಬಂದರು.

ನನ್ನ ಹೆಂಡತಿ ಅತ್ತೆಗೆ ವಿಡಿಯೋ ಕಾಲ್ ಮಾಡಿದಳು. ಭಾವ ವಿಷಯ ಹೇಳಿ, ಅದೇ ಪುಟದಲ್ಲಿದ್ದ, ಅಜ್ಜ ಬಿಟ್ಟುಹೋದ ಸಾಮಾನುಗಳ ಪಟ್ಟಿಯನ್ನು ಗೋದಾಮಿನಲ್ಲಿ ಓದುವ ಹಾಗೆಯೇ ಓದಿದರು. "ತಗಡಿನ ಪೆಟ್ಟಿಗೆ, ಒಂದು. ಕೊಡೆ, ಒಂದು. ಲುಂಗಿ, ಎರಡು. ಝಮ್‌ಝಮ್ ನೀರಿನ ಡಬ್ಬಿ, ಒಂದು." ಇಪ್ಪತ್ತು ವರ್ಷ ಪಟ್ಟಿ ಓದಿದವರು ಮುಂದಿನ ಒಂದು ಸಾಲು ಓದಲಾಗದೆ ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ: "ಮಗುವಿನ ಚಪ್ಪಲಿ, ಹೊಸತು, ಒಂದು ಜೊತೆ."

ನನಗೂ ಅಳು ತಡೆಯಲಾಗಲಿಲ್ಲ.

"ಬರ್ಲಿಕ್ಕೆ ಹೊರಟಿದ್ರು" ಎಂದರು ಅತ್ತೆ. "ಮಸೀದಿಯವರಿಗೆ ಹೇಳು ಮಗ, ಮಯ್ಯಿತ್ ನಮಾಝ್ ಮಾಡ್ಲಿ. ಊರಿಗೆಲ್ಲ ಕೇಳುವ ಹಾಗೆ ಹೆಸರು ಹೇಳಿ ಮಾಡ್ಲಿ."

"ಹೇಳ್ತೇನೆ ಉಮ್ಮ."

"ಚಪ್ಪಲಿ ಎಷ್ಟು ದೊಡ್ಡದು ಅಂತ ಬರ್ದಿದ್ದಾರಾ?"

"ಇಲ್ಲ ಉಮ್ಮ. ಅಳತೆ ಬರೀಲಿಲ್ಲ."

"ಸ್ವಲ್ಪ ದೊಡ್ಡದೇ ತೆಗ್ದಿರ್ತಾರೆ" ಎಂದರು ಎಂಬತ್ತು ದಾಟಿದ ಅತ್ತೆ. "ಅವರು ಬಂದು ಮುಟ್ಟುವಾಗ ನಾನು ಬೆಳೆದಿರ್ತೇನಲ್ಲ."