ಇಪ್ಪತ್ತನೆಯ ಆಳು

ಕೊಟ್ರೇಶ, ನೀಲಾ, ಮೊನ್ನೆ ನೀವು ಗೋಡೆಯ ಮೇಲಿನ ಫೋಟೋ ತೋರಿಸಿ, "ಈ ದೊಡ್ಡಜ್ಜ ಏನು ಕೆಲಸ ಮಾಡ್ತಿದ್ದರು?" ಎಂದು ಕೇಳಿದಿರಿ. ಫಿಟ್ಟರ್ ಆಗಿದ್ದರು ಎಂದಷ್ಟೇ ಹೇಳಿ ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಅದು ಪೂರ್ತಿ ಉತ್ತರವಲ್ಲ. ಎದುರಿಗೆ ಕೂತು ಮಾತಾಡಲು ನನಗೆ ಮೊದಲಿನಿಂದಲೂ ಸಂಕೋಚ, ಆದ್ದರಿಂದ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ಇಡೀ ಹೊಸಪೇಟೆಯಲ್ಲಿ ಅತ್ಯಂತ ಆರೋಗ್ಯವಂತ ರೋಗಿಯಾಗಿದ್ದರು. ಅವರಿಗೆ ಜ್ವರ ಬಂದದ್ದನ್ನು ಕಂಡವರಿಲ್ಲ. ನೆಗಡಿ ಕೂಡ ಅವರ ಮೂಗಿನವರೆಗೆ ಬಂದು, ವಿಚಾರ ಮಾಡಿ, ಪಕ್ಕದ ಮನೆಗೆ ಹೋಗುತ್ತಿತ್ತು. ಆದರೂ ವಾರಕ್ಕೊಮ್ಮೆ ತಪ್ಪದೆ ದವಾಖಾನೆಗೆ ಹೋಗುತ್ತಿದ್ದರು. ಇದಕ್ಕೆ ಕಾರಣ ಸರ್ಕಾರ.

ಅದು ಡ್ಯಾಮಿನ ಕಾಲುವೆ ಎರಡು ಬೆಳೆಗೂ ನೀರು ಕೊಡುತ್ತಿದ್ದ ಕಾಲ. ಕಂಪ್ಲಿ ಕಡೆಯಿಂದ ಭತ್ತ ಮತ್ತು ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಬರುತ್ತಿದ್ದವು. ನಾವು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದೆವು. ದೊಡ್ಡಜ್ಜ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಫಿಟ್ಟರ್, ನಿಮ್ಮಜ್ಜ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ. ದೊಡ್ಡಜ್ಜ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಿ ಬಂದವರು ಅವರು. ಹಾಗಾಗಿ ನಮ್ಮ ಪಡಸಾಲೆಯಲ್ಲೇ ಅವರ ಸಂಸಾರ: ಒಂದು ಹಾಸಿಗೆ, ಒಂದು ಟ್ರಂಕು, ಒಂದು ಸೈಕಲ್ಲು.

ಆಗ ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ಸೆರಗು ಮುಂದಕ್ಕೆಳೆದುಕೊಂಡು, ಕೇಳಿದ್ದಕ್ಕೆ ಒಂದೆರಡು ಮಾತಿನಲ್ಲಿ ಉತ್ತರ ಕೊಡುತ್ತಿದ್ದೆ. ಎಂಟು ವರ್ಷ ಒಂದೇ ಸೂರಿನಡಿ ಇದ್ದರೂ ಅವರು ನನ್ನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಸಂತೆಯಲ್ಲಿ ಎದುರಾದರೆ ಗುರುತು ಹಿಡಿಯುತ್ತಿರಲಿಲ್ಲ ಎಂದೇ ನನ್ನ ಅನುಮಾನ.

ಹೀಗಿರುವಾಗ ಸರ್ಕಾರದ ಆರೋಗ್ಯ ವಿಮೆಯ ಕಾನೂನು ನಮ್ಮೂರಿಗೂ ಬಂತು. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಆಳುಗಳಿರುವ ಕಾರ್ಖಾನೆಗಳಲ್ಲಿ ಎಲ್ಲರೂ ಕಡ್ಡಾಯವಾಗಿ ಸೇರಬೇಕು. ಪಗಾರದಲ್ಲಿ ತಿಂಗಳಿಗಿಷ್ಟು ಹಿಡಿಯುತ್ತಾರೆ, ಮಾಲೀಕರೂ ತಮ್ಮ ಕೈಯಿಂದ ಇಷ್ಟು ಕಟ್ಟಬೇಕು, ಮನೆಯವರಿಗೆ ಬೇನೆ ಬಂದರೆ ಪುಕ್ಕಟೆ ಔಷಧಿ. ಎಲ್ಲರೂ ಸಹಿ ಹಾಕಿದರು. ದೊಡ್ಡಜ್ಜ ಹಾಕಲಿಲ್ಲ.

ಫಾರ್ಮು ತುಂಬಿಸಲು ಗುಮಾಸ್ತ ಮನೆಗೇ ಬಂದ. ಜೊತೆಗೆ ಸಮಜಾಯಿಷಿ ಹೇಳಲು ಕಾರ್ಖಾನೆಯ ಮೇಸ್ತ್ರಿ.

"ನನಗ ಬ್ಯಾನಿ ಇಲ್ಲ. ಇಲ್ಲದ ಬ್ಯಾನಿಗೆ ಯಾಕ ರೊಕ್ಕ ಹಿಡೀತೀರಿ?" ಎಂದರು ದೊಡ್ಡಜ್ಜ.

"ಎಲ್ಲಾರೂ ಒಂದೀಟು ಕೊಟ್ರ, ಬ್ಯಾನಿ ಬಂದ ಒಬ್ಬನಿಗೆ ಆಗ್ತೈತಿ. ಇದು ಧರ್ಮದ ಕೆಲಸ," ಎಂದ ಮೇಸ್ತ್ರಿ.

"ಧರ್ಮ ಅಂದ್ರ ಮನಸ್ಸಿದ್ರ ಮಾಡೋದು. ಕಡ್ಡಾಯ ಧರ್ಮ ಎಲ್ಲೈತಿ?"

ಮೇಸ್ತ್ರಿ ಚಹಾ ಕುಡಿಯತೊಡಗಿದ. ಗುಮಾಸ್ತ ಫಾರ್ಮು ಹಿಡಿದು, "ಹೆಂಡ್ತಿ?" ಎಂದು ಕೇಳಿದ. ಇಲ್ಲ. "ಮಕ್ಕಳು?" ಇಲ್ಲ. "ತಂದಿ ತಾಯಿ?" ತೀರಿಹೋಗಿದ್ದಾರೆ.

"ಹಂಗಾರ ನೀವೊಬ್ಬರ ಏನ್ರಿ?"

"ಒಬ್ಬನ ಇದ್ರ ಅರ್ಧ ಹಿಡೀತೀರೇನು?"

"ಇಲ್ರಿ."

"ನೋಡ್ದೇನು?" ಎಂದು ದೊಡ್ಡಜ್ಜ ನಿಮ್ಮಜ್ಜನ ಕಡೆ ತಿರುಗಿದರು. ನಿಮ್ಮಜ್ಜ ಏನನ್ನೂ ನೋಡಿರಲಿಲ್ಲ. ಆದರೂ ತಲೆಯಾಡಿಸಿದರು.

ಸಹಿ ಹಾಕದಿದ್ದರೂ ಪಗಾರದಲ್ಲಿ ಹಿಡಿದರು. ಅಂದಿನಿಂದ ದೊಡ್ಡಜ್ಜ ಒಂದು ನಿರ್ಧಾರ ಮಾಡಿದರು. ಹಿಡಿದದ್ದನ್ನು ಔಷಧಿಯ ರೂಪದಲ್ಲಿ ವಸೂಲಿ ಮಾಡುವುದು. ಆಗ ದವಾಖಾನೆಯಲ್ಲಿ ಕೆಂಪು ನೀರೌಷಧಿ ಕೊಡುತ್ತಿದ್ದರು, ಬಾಟಲಿ ನಾವೇ ಒಯ್ಯಬೇಕಿತ್ತು. ರಜೆಯ ದಿನ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ತೊಳೆದ ಬಾಟಲಿ ಹಿಡಿದು ಅವರು ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದರು.

"ಏನಾಗೈತಿ?" ಎಂದು ಡಾಕ್ಟರು ಕೇಳಿದರಂತೆ.

"ಏನೂ ಆಗಿಲ್ರಿ."

"ಮತ್ತ ಯಾಕ ಬಂದ್ರಿ?"

"ಬರ್ರಿ ಅಂತ ನೀವ ರೊಕ್ಕ ಹಿಡಿದೀರಲ್ರಿ."

ಡಾಕ್ಟರು ಒಳ್ಳೆಯವರು. ಶಕ್ತಿಯ ಗುಳಿಗೆ ಬರೆದುಕೊಟ್ಟರು. ಮುಂದಿನ ವಾರ ಮೊಣಕಾಲಿಗೆ ಮುಲಾಮು. ಮೊಣಕಾಲು ಸರಿಯಾಗಿಯೇ ಇದ್ದುದರಿಂದ ದೊಡ್ಡಜ್ಜ ಅದನ್ನು ಸೈಕಲ್ಲಿನ ಚೈನಿಗೆ ಹಚ್ಚಿದರು. ಮೂರು ವರ್ಷದಿಂದ ಕಿರುಗುಟ್ಟುತ್ತಿದ್ದ ಸೈಕಲ್ಲು ಸುಮ್ಮನಾಯಿತು. "ಗುಣ ಆಗೈತಿ" ಎಂದು ಅವರು ಡಾಕ್ಟರಿಗೆ ವರದಿ ಕೊಟ್ಟರು. ಯಾರಿಗೆ ಎಂದು ಹೇಳಲಿಲ್ಲ.

ಅವರ ವಸೂಲಿ ಹೀಗೆ ನಡೆದಿರುವಾಗ, ಬಾಗಿಲ ಈ ಕಡೆ ನನ್ನದೊಂದು ಬೇರೆಯೇ ಚಿಂತೆ. ನನ್ನ ಗಂಟಲ ಮೇಲೆ ಹುಣಸೆಬೀಜದಷ್ಟು ಒಂದು ಗಂಟು ಬಂದಿತ್ತು. ಅದು ನಿಂಬೆಹಣ್ಣಿನಷ್ಟಾಯಿತು. ನಿಮ್ಮಜ್ಜ ನನ್ನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿನ ಡಾಕ್ಟರು, "ಇದು ಸ್ವರದ ನರಕ್ಕೆ ಅಂಟಿಕೊಂಡಿದೆ, ಉಸಿರಿಗೂ ತೊಂದರೆಯಾದೀತು. ಬೆಂಗಳೂರಲ್ಲೇ ಆಪರೇಷನ್ ಆಗಬೇಕು, ವರ್ಷದೊಳಗೆ" ಎಂದರು. ವಿಮೆಯ ಕಾರ್ಡು ಇದ್ದರೆ ಇಲ್ಲಿಂದಲೇ ಚೀಟಿ ಬರೆದು ಕಳಿಸುತ್ತಾರೆ, ಖರ್ಚೂ ಅವರದೇ. ಕಾರ್ಡು ಇಲ್ಲದಿದ್ದರೆ? ಅವರು ಮೇಜಿನ ಮೇಲಿನ ಕಾಗದ ಜೋಡಿಸಿದರು.

ನಿಮ್ಮಜ್ಜನ ಗಿರಣಿಯಲ್ಲಿದ್ದವರು ಹತ್ತೊಂಬತ್ತು ಜನ. ಸಾಹುಕಾರರು ಇಪ್ಪತ್ತನೆಯವನನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಇಪ್ಪತ್ತನೆಯವನ ಕೆಲಸವನ್ನು ಆ ಹತ್ತೊಂಬತ್ತು ಜನರೇ ಹಂಚಿಕೊಂಡು ಮಾಡುತ್ತಿದ್ದರು. ಹಾಗಾಗಿ ಕಾನೂನು ಅವರ ಗೇಟಿನವರೆಗೆ ಬಂದು ನಿಂತಿತ್ತು. "ಪುಣ್ಯವಂತ ನೀನು, ನಿನ್ನ ಪಗಾರ ಯಾರೂ ಮುಟ್ಟಂಗಿಲ್ಲ" ಎಂದು ದೊಡ್ಡಜ್ಜ ತಮ್ಮನಿಗೆ ದಿನಾ ಹೇಳುತ್ತಿದ್ದರು. ತಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಣ್ಣನಿಗೆ ಹೇಳುವುದು ಬೇಡ ಎಂದು ನಾನೇ ಆಣೆ ಹಾಕಿದ್ದೆ. ಹೆಂಗಸಿನ ಕಾಯಿಲೆಯನ್ನು ಪಡಸಾಲೆಯಲ್ಲಿ ಮಾತಾಡುವುದೇ ಎಂದು ನಾಚಿಕೆ. ಸೆರಗು ಇತ್ತಲ್ಲ, ಮುಚ್ಚಿಕೊಂಡೆ.

ಸೆರಗಿನಿಂದ ಗಂಟು ಮುಚ್ಚಬಹುದು, ದನಿ ಮುಚ್ಚಲಾಗುವುದಿಲ್ಲ. ಅದು ದಿನದಿನಕ್ಕೆ ಒಡೆಯಿತು. ಒಂದು ಬೆಳಿಗ್ಗೆ ದೊಡ್ಡಜ್ಜ, "ನೀರು ಕಾದಾವೇನು?" ಎಂದು ಕೇಳಿದರು. ನಾನು ಕಾದಿವೆ ಎಂದೆ. ಅವರು ಗಾಬರಿಯಾಗಿ ತಮ್ಮನನ್ನು ಹೊರಗೆ ಕರೆದರು.

"ಮನಿಗೆ ಯಾರೋ ಬೀಗರು ಬಂದಂಗೈತಲ್ಲ. ವಯಸ್ಸಾದಾಕಿ ಇದ್ದಂಗದಾಳ."

ನಿಮ್ಮಜ್ಜ ಹೂಂ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅಂದು ಸಂಜೆ ದೊಡ್ಡಜ್ಜ ಬೀಗರಿಗೆಂದು ಬದನೆಕಾಯಿ ತಂದರು. ಮರುದಿನ ಮಂಡಕ್ಕಿ, ಮಿರ್ಚಿ. ಬೀಗರೆಂದರೆ ಮೊದಲೇ ಅವರಿಗೆ ಸಂಕೋಚ, ಮೂರು ದಿನ ಹಿತ್ತಲಿನಿಂದಲೇ ಓಡಾಡಿದರು. ನಾಲ್ಕನೆಯ ದಿನ ಅವರ ತಾಳ್ಮೆ ಮುಗಿಯಿತು.

"ಅಲ್ಲಲೇ, ಆ ಮುದುಕಿ ಯಾವಾಗ ಹೋಗ್ತಾಳ? ಪಾಪ, ನಿನ್ನ ಹೆಂಡ್ತಿ ಮಾತ ಆಡವಲ್ಲಳು."

ಆಗ ನಿಮ್ಮಜ್ಜ ಎಲ್ಲವನ್ನೂ ಹೇಳಿದರು. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ. ದೊಡ್ಡಜ್ಜ ಎದ್ದು ಚಪ್ಪಲಿ ಮೆಟ್ಟಿದರು. ಆಮೇಲೆ, "ಬದ್ನಿಕಾಯಿ ಪಲ್ಯ ಚಲೋ ಆಗಿತ್ತು ಅಂತ ಹೇಳು" ಎಂದು ಸೈಕಲ್ಲು ಹತ್ತಿ ಹೋದರು.

ಹೋದದ್ದು ವಿಮೆಯ ಗುಮಾಸ್ತನ ಹತ್ತಿರ. ತಮ್ಮ ಕಾರ್ಡಿನಲ್ಲಿ ಒಂದು ಹೆಸರು ಸೇರಿಸಬೇಕು ಎಂದರಂತೆ.

"ಯಾರದು?"

"ನನ್ನ ತಮ್ಮನ ಹೆಂಡ್ತಿ."

"ಬರಂಗಿಲ್ರಿ. ಹೆಂಡ್ತಿ, ಮಕ್ಕಳು, ತಂದಿ ತಾಯಿ ಅಷ್ಟ."

"ಹಂಗಾರ ಮಗಳು ಅಂತ ಬರಕೊಳ್ರಿ."

ಗುಮಾಸ್ತ ವಯಸ್ಸು ಕೇಳಿದ. ಇವರಿಗೆ ಮೂವತ್ತೇಳು, ನನಗೆ ಇಪ್ಪತ್ತೆಂಟು.

"ಒಂಬತ್ತು ವರ್ಷಕ್ಕ ನಿಮಗ ಮಗಳು ಹುಟ್ಟ್ಯಾಳೇನ್ರಿ?"

"ನಮ್ಮ ಮನಿತನದಾಗ ಜಲ್ದಿ ಆಗ್ತಾವ. ನೀವು ಬರೀರಿ."

ಗುಮಾಸ್ತ ಬರೆಯಲಿಲ್ಲ. ಆಫೀಸಿನವರು ಒಂದು ವಾರ ನಕ್ಕರು.

ಮುಂದಿನ ತಿಂಗಳು ದೊಡ್ಡಜ್ಜ ಹದಿನಾಲ್ಕು ವರ್ಷದ ಕಾರ್ಖಾನೆ ಕೆಲಸ ಬಿಟ್ಟರು. ಯಾಕೆ ಎಂದು ಕೇಳಿದವರಿಗೆಲ್ಲ, "ಈ ಪಗಾರದ ಕಡಿತ ತಾಳಲಿಕ್ಕ ಆಗವಲ್ದು" ಎಂದರು. ಊರೇ ನಂಬಿತು. ಅವರಂಥವರು ಹಾಗೆ ಮಾಡದಿದ್ದರೆ ಇನ್ಯಾರು ಮಾಡುತ್ತಾರೆ?

ಆ ಸಮಯಕ್ಕೆ ನಿಮ್ಮಜ್ಜನ ಗಿರಣಿಯ ಬಾಯ್ಲರ್ ಸೋರತೊಡಗಿತ್ತು. ಉಗಿಯಲ್ಲಿ ಬೇಯಿಸುವ ಕುಸುಬಲಕ್ಕಿಗೆಂದು ನೆನೆಹಾಕಿದ ಭತ್ತ ತೊಟ್ಟಿಯಲ್ಲೇ ನಾರುತ್ತಿತ್ತು. ಸಾಹುಕಾರರು ಫಿಟ್ಟರಿಗಾಗಿ ಮರಿಯಮ್ಮನಹಳ್ಳಿಯವರೆಗೂ ಹುಡುಕಿಸಿದ್ದರು. ದೊಡ್ಡಜ್ಜ ಹೋಗಿ ನಿಂತರು. ಪಗಾರ ಎಷ್ಟಾದರೂ ಸರಿ, ಕಾಯಂ ಕೆಲಸವಾಗಬೇಕು, ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು ಎಂದರು. ಸಾಹುಕಾರರು ತಲೆ ಕೆರೆದುಕೊಂಡರು, ತೊಟ್ಟಿಯ ವಾಸನೆ ನೋಡಿದರು, ಹೆಸರು ಬರೆದರು. ಬಾಯ್ಲರ್ ಸರಿಯಾಯಿತು. ಅದೇ ವಾರ ದೊಡ್ಡಜ್ಜ ಇಸ್ತ್ರಿ ಅಂಗಿ ತೊಟ್ಟು ಮತ್ತೆ ವಿಮೆಯ ಆಫೀಸಿಗೆ ಹೋದರು.

"ಆ ಗಿರಣ್ಯಾಗ ಇಪ್ಪತ್ತು ಮಂದಿ ಆಗ್ಯಾರ. ಬಂದು ಎಣಸ್ರಿ."

"ಇಪ್ಪತ್ತನೆಯವ ಯಾರ್ರಿ?"

"ನಾನ."

ಅವರು ಬಂದು ಎಣಿಸಿದರು. ಇಪ್ಪತ್ತು ಜನರಿಗೂ ಪಗಾರದಲ್ಲಿ ಹಿಡಿಯುವುದು ಶುರುವಾಯಿತು. ಸಾಹುಕಾರರು, "ಒಂದು ಬಾಯ್ಲರ್ ರಿಪೇರಿಗೆ ಇಪ್ಪತ್ತು ಮಂದಿ ಬ್ಯಾನಿ ಕೊಂಡ್ಕೊಂಡೆ" ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಹಮಾಲರಂತೂ ಇವರನ್ನು ಗೇಟಿನಲ್ಲೇ ಹಿಡಿದರು.

"ನಮಗ ಬ್ಯಾನಿ ಇಲ್ಲ, ನಮ್ಮ ರೊಕ್ಕ ಯಾಕ ಕಡಿಸ್ತೀಯೋ ಮಾರಾಯ? ಅಲ್ಲಿ ಕಡೀತಾರ ಅಂತ ಬಿಟ್ಟು ಬಂದಾವ, ಇಲ್ಲಿ ಎಲ್ಲಾರದೂ ಕಡಿಸಿದಿ. ತಲಿ ನೆಟ್ಟಗೈತೇನು?"

"ಎಲ್ಲಾರೂ ಒಂದೀಟು ಕೊಟ್ರ ಒಬ್ಬರಿಗೆ ಆಗ್ತೈತಿ" ಎಂದರು ದೊಡ್ಡಜ್ಜ, ಆ ಮಾತನ್ನು ತಾವೇ ಕಂಡುಹಿಡಿದವರಂತೆ. "ಮನಸ್ಸಿದ್ದವರ ಅಷ್ಟ ಕೊಡ್ಲಿ ಅಂದ್ರ ಯಾರು ಕೊಡ್ತಾರ? ನಾನ ಕೊಡ್ತಿರಲಿಲ್ಲ. ಅದಕ್ಕ ಕಡ್ಡಾಯ ಇರಬೇಕು."

ಆ ಒಬ್ಬರು ಯಾರು ಎಂದು ಅವರು ಯಾರಿಗೂ ಹೇಳಲಿಲ್ಲ. ನನ್ನ ಹೆಸರು ಗೇಟಿನಲ್ಲಿ ಆಡುವ ಹೆಸರಾಗಬಾರದು ಎಂದು ನಿಮ್ಮಜ್ಜನಿಗೂ ತಾಕೀತು ಮಾಡಿದ್ದರು. ಬೈಗಳೆಲ್ಲ ಅವರ ಪಾಲಿಗೇ ಬಂದವು. ಕಾರ್ಖಾನೆಯಲ್ಲಿ ಅವರ ಜೊತೆಯವರು ಮುಂದೆ ಹೆಡ್ ಫಿಟ್ಟರುಗಳಾಗಿ ಕ್ವಾರ್ಟರ್ಸ್ ಪಡೆದರು. ಇವರು ನಮ್ಮ ಪಡಸಾಲೆಯಲ್ಲೇ ಉಳಿದರು.

ಕೆಲವು ತಿಂಗಳಲ್ಲಿ ನಿಮ್ಮಜ್ಜನ ಕಾರ್ಡು ಬಂತು. ಅದರಲ್ಲಿ ನನ್ನ ಹೆಸರಿತ್ತು. ವರ್ಷ ತುಂಬುವ ಮೊದಲೇ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವಂತೆ, ತಡಮಾಡಿದ್ದರೆ ದನಿ ಪೂರ್ತಿ ಹೋಗುತ್ತಿತ್ತಂತೆ. ಈಗಲೂ ದನಿಗಾಗಿ ಸ್ವಲ್ಪ ದಿನ ಕಾಯಬೇಕು, ಬಂದರೂ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ಮೇಲೆ ದೊಡ್ಡಜ್ಜನಿಗೆ ಹೊಸ ಚಟ ಹಿಡಿಯಿತು. ದಿನಕ್ಕೆ ಹತ್ತು ಸಲ ಬಾಗಿಲ ಕಡೆ ಬೆನ್ನು ಮಾಡಿ ಕೂತು, "ಗಂಟಿ ಎಷ್ಟಾತು?" ಎಂದು ಕೇಳುವರು. ನಾನು ಪಿಸುದನಿಯಲ್ಲಿ ಹೇಳುವೆ. ಐದು ನಿಮಿಷಕ್ಕೆ ಮತ್ತೆ, "ಈಗ ಎಷ್ಟಾತು?" ನನಗೆ ಸಿಟ್ಟೇ ಬಂತು. ಅವರ ಕೈಯಲ್ಲೇ ಗಡಿಯಾರವಿತ್ತು. "ನಿಮ್ಮಣ್ಣಗ ಏನಾಗೈತಿ? ಮೊದಲ ಮಾತಾಡಲಿಕ್ಕೆ ಬರವಲ್ದು ನನಗ" ಎಂದು ನಿಮ್ಮಜ್ಜನ ಹತ್ತಿರ ದೂರಿದೆ.

ನಿಮ್ಮಜ್ಜ ನನ್ನನ್ನೇ ನೋಡಿದರು. "ಹುಚ್ಚಿ, ದನಿ ಎಷ್ಟು ಬಂದೈತಿ ಅಂತ ಕೇಳ್ತಾನವ," ಎಂದರು.

ಆಮೇಲೆ ನಾನು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ದಿನಕ್ಕಿಷ್ಟು ಗಟ್ಟಿಯಾಗಿ ಹೇಳುತ್ತ ಹೋದೆ. ಒಂದು ದಿನ ಹಿತ್ತಲಿಗೂ ಕೇಳುವಷ್ಟು ಗಟ್ಟಿಯಾಗಿ, "ಹತ್ತೂವರಿ ಆತ್ರಿ" ಎಂದೆ. ಅವರು ಎದ್ದು ಕೆಲಸಕ್ಕೆ ಹೋದರು. ಮತ್ತೆಂದೂ ಗಂಟೆ ಕೇಳಲಿಲ್ಲ.

ಅವರಿದ್ದಷ್ಟು ದಿನವೂ ಅವರಿಗೆ ಒಂದು ಮಾತು ಹೇಳಬೇಕಿತ್ತು. ದನಿಯಿತ್ತು, ಧೈರ್ಯವಾಗಲಿಲ್ಲ. ಹೇಳದೆ ಉಳಿದ ಆ ಮಾತು ಈ ಹಾಳೆಗಳಲ್ಲಿದೆ, ಮಕ್ಕಳೇ. ಒದ್ದೆಯಾಗದಂತೆ ಜೋಪಾನವಾಗಿ ಇಟ್ಟುಕೊಳ್ಳಿ.